ನುಸಿ ತಿಂದ ಗಲೀಚಾ: ಐದನೇ ವಾರದವರೆಗಿನ ಕೆಲಸ

ದುರಸ್ತಿಗೆ ಬಂದ ಗಲೀಚಾ, ಅಂದರೆ ರತ್ನಗಂಬಳಿ, 3 ಅಡಿ ಅಗಲ, 5 ಅಡಿ ಉದ್ದ. ಹತ್ತಿಯ ಹಾಸು (ಉದ್ದದ ಎಳೆ), ಹತ್ತಿಯ ಹೊಕ್ಕು (ಅಡ್ಡ ಎಳೆ), ಉಣ್ಣೆಯ ಗಂಟು. ನೇಯ್ಗೆ ವಾರಂಗಲ್ ಕಡೆಯದರಂತಿದೆ. ಹಿಂದೆ ಬೀದರ್, ವಾರಂಗಲ್ ಎರಡೂ ನಿಜಾಮರ ರಾಜ್ಯದಲ್ಲೇ ಇದ್ದವು, ಅಲ್ಲಿಯ ರತ್ನಗಂಬಳಿ ಇಲ್ಲಿ ಬೀದರಿನ ಮನೆಗಳಲ್ಲಿ ಸಿಗುವುದು ಸೋಜಿಗವಲ್ಲ. ಗಲೀಚಾ ಜೊತೆ ಬಂದ ಮಾತು: "ಬಹಮನಿ ಕಾಲದ್ದು", ಅಂದರೆ ಸುಮಾರು ಐನೂರು ವರ್ಷ ಹಿಂದಿನದು. ಬೀದರಿನಲ್ಲಿ ಹಳೆಯದೆಲ್ಲ ಬಹಮನಿ ಕಾಲದ್ದೇ ಬಿಡಿ.

ವಾರ 1, ವಯಸ್ಸು
ಮೇಲ್ಮೈ ನಂಬಬೇಡಿ, ಚಹಾ ನೀರಲ್ಲಿ ಅದ್ದಿ ಹಳೆಯದು ಮಾಡುವವರಿದ್ದಾರೆ. ಅಂಚಿನ ಬೂದು ಹೂವನ್ನು ಬೆರಳಿಂದ ಬಿಡಿಸಿದರೆ ಉಣ್ಣೆಯ ಬುಡ ಕಡು ನೇರಳೆ, ತುದಿಯಷ್ಟೇ ಬೆಳಕಿಗೆ ಬೂದಾಗಿದೆ. ಇದು ಮೊದಮೊದಲ ರಾಸಾಯನಿಕ ಬಣ್ಣಗಳ ಲಕ್ಷಣ. ಅಂಥ ಮೊದಲ ನೇರಳೆ ವಿಲಿಯಂ ಪರ್ಕಿನ್‌ಗೆ ಸಿಕ್ಕಿದ್ದು 1856ರಲ್ಲಿ. ಬಹಮನಿ ಮಾತು ಅಲ್ಲಿಗೆ ಮುಗಿಯಿತು. ಆದರೆ 1880ರದ್ದೋ 1920ರದ್ದೋ ಎಂದು ಬಣ್ಣವೊಂದೇ ಹೇಳದು. ನೂರು ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆಯಡಿ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಹಿಂಬದಿಗೆ ಸ್ಕೇಲ್ ಇಟ್ಟು ಎಣಿಸಿದ್ದು: ಇಂಚಿಗೆ ಅಡ್ಡ 9, ಉದ್ದ 9 ಗಂಟು. ಚದರ ಇಂಚಿಗೆ 81, ಒಟ್ಟು ಸುಮಾರು 1.75 ಲಕ್ಷ.

ವಾರ 2 ಮತ್ತು 3, ನುಸಿ
ನುಸಿಯ ಮರಿಹುಳ ಉಣ್ಣೆ ಮೇಯುತ್ತದೆ, ಹತ್ತಿ ಬಿಡುತ್ತದೆ. ಬೋಳಾದ ಕಡೆ ಹಾಸಿನ ಎಳೆ ಹಾಗೇ ನಿಂತಿದೆ. ಗಲೀಚಾ ಸುತ್ತಿ, ಪಾಲಿಥೀನ್ ಹೊದಿಸಿ, ಗಾಳಿ ಹಿಂಡಿ, ಟೇಪ್ ಹಾಕಿ ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗೆ 14 ದಿನ. ತೆಗೆದ ಮೇಲೆ 24 ಗಂಟೆ ಬಿಚ್ಚಲಿಲ್ಲ. ಬಿಚ್ಚಿದರೆ ಹೊರಗಿನ ತೇವ ತಣ್ಣನೆ ಉಣ್ಣೆಯ ಮೇಲೆ ನೀರಾಗಿ ಕೂತು ಬಣ್ಣ ಹರಡುತ್ತದೆ.

ವಾರ 4, ಧೂಳು
ಒದ್ದೆ ಬಿಳಿ ಬಟ್ಟೆ ಒತ್ತಿ ಹಿಡಿದರೆ ಕೆಂಪು ಬಂತು. ತೊಳೆಯುವ ಯೋಚನೆ ಕೈಬಿಟ್ಟೆವು. ಸೊಳ್ಳೆಪರದೆಯ ಜಾಲರಿ ಹಾಸಿ, ಅದರ ಮೇಲಿಂದ ವ್ಯಾಕ್ಯೂಮ್ ಕಡಿಮೆ ವೇಗದಲ್ಲಿ, ಮೊದಲು ಹಿಂಬದಿ, ಆಮೇಲೆ ಮುಂಬದಿ. ಜಾಲರಿ ಇಲ್ಲದಿದ್ದರೆ ಸಡಿಲ ಗಂಟುಗಳೂ ಒಳಗೆ ಹೋಗುತ್ತವೆ.

ವಾರ 5, ತೂತು
2 ಇಂಚು × 2.5 ಇಂಚು, ಇಲಿಯ ಕೆಲಸ. 405 ಗಂಟು ಬೇಕು. ಮೊಂಡು ಸೂಜಿಯಿಂದ ಹೊಸ ಹತ್ತಿ ಎಳೆಯನ್ನು ತೂತಿನ ಮೇಲೂ ಕೆಳಗೂ ಹಳೆ ಹಾಸಿನ ಪಕ್ಕಕ್ಕೆ ಒಂದೊಂದು ಇಂಚು ತೂರಿಸಿದ್ದೇವೆ. ಮೊದಲ ಆರು ಎಳೆ ಬಿಗಿಯಾಗಿ ಸುತ್ತಲೂ ಸುಕ್ಕೆದ್ದಿತು, ಬಿಚ್ಚಿ ಮತ್ತೆ ಹಾಕಬೇಕಾಯಿತು. ಹಳೆ ಹಾಸು ವರ್ಷಗಳಿಂದ ಎಳೆದು ಸೋತಿದೆ, ಹೊಸದು ಅದಕ್ಕಿಂತ ಬಿಗಿ ಇರಬಾರದು.

ಹೊಸ ಉಣ್ಣೆಗೆ ಬಣ್ಣ: 40 ಗ್ರಾಂ ಉಣ್ಣೆಗೆ 6 ಗ್ರಾಂ ಪಟಿಕ (ಆಲಂ), 40 ಗ್ರಾಂ ಮಂಜಿಷ್ಠ (ಕೆಂಪು ಬಣ್ಣ ಕೊಡುವ ಬೇರು). ಮೊದಲ ಸಲ ಒದ್ದೆಯಿರುವಾಗಲೇ ಹಳೆಯದಕ್ಕೆ ಹೋಲಿಸಿದ್ದು ತಪ್ಪು. ಒಣಗಿದ ಮೇಲೆ ಬಣ್ಣ ತೆಳುವಾಯಿತು. ಎರಡನೇ ಸಲದ್ದು ಹೊಂದಿದೆ.

ಈಗ 120 ಗಂಟು ಆಗಿದೆ, ಪ್ರತಿ ಸಾಲಿನ ಮೇಲೆ ಎರಡು ಹೊಕ್ಕು. ನುಸಿ ತಿಂದ ಬೋಳು ಜಾಗಗಳನ್ನು ಹಾಗೇ ಬಿಡುತ್ತೇವೆ, ಅಲ್ಲೆಲ್ಲ ಹೊಸ ಉಣ್ಣೆ ತುಂಬಿದರೆ ಕೊಳ್ಳುವವನಿಗೆ ಹಳೆಯದೆಷ್ಟು ಉಳಿದಿದೆ ಎಂಬುದೇ ತಿಳಿಯದು. ಮುಂದಿನ ವಾರ ಕುಚ್ಚಿನ ಕಡೆ ಬಿಚ್ಚಿಕೊಂಡ ಎರಡು ಸಾಲು.