ಆಕ್ಸ್‌ಫರ್ಡಿನಲ್ಲಿ ರಾತ್ರಿ ಉಳಿಯಬೇಕು

ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿರುವ ನಮಗೆ ಆಕ್ಸ್‌ಫರ್ಡ್ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ಹೀಗಾಗಿ ಊರಿನಿಂದ ಯಾರೇ ಬಂದರೂ ಅವರನ್ನು ಬೆಳಿಗ್ಗೆ ಕರೆದೊಯ್ದು, ಒಂದೆರಡು ಕಾಲೇಜು ತೋರಿಸಿ, ಸಂಜೆಯ ರೈಲಿಗೆ ಮರಳುವುದು ಇಲ್ಲಿನ ಕನ್ನಡದ ಮನೆಗಳಲ್ಲಿ ರೂಢಿ. ಇಷ್ಟು ಹತ್ತಿರದ ಊರಿನಲ್ಲಿ ಹೋಟೆಲಿಗೆ ದುಡ್ಡು ಸುರಿಯುವುದು ದಂಡ ಎಂಬುದು ಸ್ನೇಹಿತರೆಲ್ಲರ ಅಭಿಪ್ರಾಯ. ಈ ಸಲ ಮೈಸೂರಿನಿಂದ ಅಪ್ಪ, ಅಮ್ಮ ಬಂದಿದ್ದರು, ಮಕ್ಕಳಿಗೆ ಮೇ ಕೊನೆಯ ವಾರದ ರಜೆಯಿತ್ತು, ಅಮ್ಮನ ಮಂಡಿನೋವಿನಿಂದಾಗಿ ಒಂದೇ ಹಗಲಿನಲ್ಲಿ ಓಡಾಡಿ ಮುಗಿಸುವುದು ಆಗದ ಮಾತಾಗಿತ್ತು. ಅನಿವಾರ್ಯವಾಗಿ ಕೈಗೊಂಡ ಈ ವಾಸ್ತವ್ಯದ ನಂತರ ನನಗನ್ನಿಸುವುದು ಇಷ್ಟು: ಆಕ್ಸ್‌ಫರ್ಡನ್ನು ನೋಡಬೇಕಾದದ್ದು ಪ್ರವಾಸಿ ಬಸ್ಸುಗಳು ಹೊರಟುಹೋದ ಸಂಜೆಯಲ್ಲಿ ಮತ್ತು ಅವು ಮರಳಿ ಬರುವ ಮುಂಚಿನ ಬೆಳಗಿನಲ್ಲಿ, ನಡುವಿನ ಹಗಲನ್ನು ಕೋಣೆಯಲ್ಲಿ ಮಲಗಿ ಕಳೆದರೂ ನಷ್ಟವಿಲ್ಲ.

ಕೋಣೆ ಹುಡುಕುವಾಗ ಮೊದಲು ನೋಡಬೇಕಾದದ್ದು ವಿಶ್ವವಿದ್ಯಾನಿಲಯದ ಪಂಚಾಂಗವನ್ನು. ಪದವಿ ಪ್ರದಾನದ ಶನಿವಾರಗಳಲ್ಲಿ ಜಗತ್ತಿನ ಎಲ್ಲೆಡೆಯಿಂದ ತಂದೆತಾಯಂದಿರು ಬಂದಿಳಿಯುವುದರಿಂದ ಬಾಡಿಗೆ ಗಗನಕ್ಕೇರುತ್ತದೆ, ಅಕ್ಟೋಬರಿನಲ್ಲಿ ಹೊಸ ವಿದ್ಯಾರ್ಥಿಗಳು ಸೇರುವಾಗಲೂ ಅದೇ ಪಾಡು. ರಜೆಯ ತಿಂಗಳುಗಳಲ್ಲಿ ಹಲವು ಕಾಲೇಜುಗಳು ವಿದ್ಯಾರ್ಥಿಗಳ ಕೋಣೆಗಳನ್ನೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತವೆ ಮತ್ತು ಹಳೆಯ ಭೋಜನಶಾಲೆಯಲ್ಲಿ ಬೆಳಗಿನ ತಿಂಡಿಯನ್ನೂ ಬಡಿಸುತ್ತವೆ. ಆ ಅನುಭವ ಒಬ್ಬರಿಗೋ ದಂಪತಿಗೋ ಸೊಗಸಾದೀತು, ಆದರೆ ಅಲ್ಲಿನ ಬಹುತೇಕ ಕೋಣೆಗಳು ಒಂಟಿ ಮಂಚದವು, ಮೆಟ್ಟಿಲುಗಳೂ ಕಡಿದಾದವು. ಮಕ್ಕಳನ್ನೂ ಹಿರಿಯರನ್ನೂ ಕಟ್ಟಿಕೊಂಡು ಹೋಗುವವರಿಗೆ ಅದು ಹೇಳಿಸಿದ್ದಲ್ಲ. ನಾವು ಸೇಂಟ್ ಆಲ್ಡೇಟ್ಸ್ ಬೀದಿಗೆ ಸಮೀಪದಲ್ಲಿದ್ದ ಸಾಧಾರಣ ದರ್ಜೆಯ ಹೋಟೆಲೊಂದರಲ್ಲಿ, ನಡುವೆ ಬಾಗಿಲಿರುವ ಎರಡು ಕೋಣೆಗಳನ್ನು ಮೊದಲೇ ಕೇಳಿ ಗೊತ್ತುಮಾಡಿಕೊಂಡೆವು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುತ್ತದೆಂದು ಭಾವಿಸಬಾರದು. ಸಂರಕ್ಷಿತ ಕಟ್ಟಡವಾಗಿದ್ದರೆ ಮಾಲೀಕರು ತಮಗೆ ತೋಚಿದಂತೆ ಗೋಡೆ ಒಡೆದು ಲಿಫ್ಟ್ ಕೂರಿಸುವಂತಿಲ್ಲ, ಆದ್ದರಿಂದ ನೆಲಮಹಡಿಯ ಕೋಣೆಯನ್ನು ಬರವಣಿಗೆಯಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ನಾನದ ಮನೆಯಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ ಎಂಬುದನ್ನು ಅಮ್ಮ ಮೊದಲೇ ಊಹಿಸಿ ಪ್ಲಾಸ್ಟಿಕ್ ಚೊಂಬೊಂದನ್ನು ಚೀಲದಲ್ಲಿಟ್ಟಿದ್ದರು. ಅದರ ಜೊತೆಗೆ ಬಾಟಲಿಯಲ್ಲಿ ಗಟ್ಟಿ ಡಿಕಾಕ್ಷನ್ನೂ ಬಂದಿತ್ತು. ಇಂಗ್ಲೆಂಡಿನ ಹೋಟೆಲು ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ, ಆದರೆ ಅದರ ಪಕ್ಕದಲ್ಲಿಡುವ ಹೆಬ್ಬೆರಳಿನ ಗಾತ್ರದ ಹಾಲಿನ ಡಬ್ಬಿಗಳಿಂದ ಒಂದು ಲೋಟ ಕಾಫಿಯೂ ಬಿಳಿಯಾಗುವುದಿಲ್ಲ. ಸ್ವಾಗತ ಕಟ್ಟೆಯಲ್ಲಿ ವಿಚಾರಿಸಿದರೆ ಒಂದು ಜಗ್ ಬಿಸಿಹಾಲು ಸಿಗುತ್ತದೆ. ತಿಂಡಿಯ ವಿಷಯದಲ್ಲಿ ನನ್ನ ತೀರ್ಮಾನ ಖಚಿತ: ಸಸ್ಯಾಹಾರಿಗಳು ಹೋಟೆಲಿನ ತಿಂಡಿಗೆ ಹಣ ಕಟ್ಟಬಾರದು. ಬೀನ್ಸು, ಅಣಬೆ, ಸುಟ್ಟ ಟೊಮೆಟೊ ಮತ್ತು ಬ್ರೆಡ್ಡಿಗೆ ಅವರು ಕೇಳುವ ಬೆಲೆಯಲ್ಲಿ, 1774ರಿಂದ ನಡೆದುಕೊಂಡು ಬಂದಿರುವ ಹತ್ತಿರದ ಕವರ್ಡ್ ಮಾರ್ಕೆಟ್ಟಿನಲ್ಲಿ ಇಡೀ ಮನೆಯವರು ಹೊಟ್ಟೆ ತುಂಬಿಸಿಕೊಳ್ಳಬಹುದು.

ಮೊದಲ ಸಂಜೆ ಒಂಬತ್ತರ ಸುಮಾರಿಗೆ, ಹೊರಗೆ ಇನ್ನೂ ಬೆಳಕಿದ್ದಾಗಲೇ, ಕ್ರೈಸ್ಟ್ ಚರ್ಚ್ ಕಾಲೇಜಿನ ಗೋಪುರದಿಂದ ಗಂಟೆಯ ಸದ್ದು ಆರಂಭವಾಯಿತು. ಮಗ ಮಂಚದ ಮೇಲೆ ಕುಳಿತು ಎಣಿಸತೊಡಗಿದವನು ನಲವತ್ತು ದಾಟಿದ ಮೇಲೆ ಏನೋ ಕೆಟ್ಟಿರಬೇಕೆಂದು ಗಾಬರಿಯಾದನು. ಕೆಟ್ಟಿರಲಿಲ್ಲ. ಗ್ರೇಟ್ ಟಾಮ್ ಎಂಬ ಆ ಗಂಟೆ ಪ್ರತಿರಾತ್ರಿ 101 ಸಲ ಬಾರಿಸುತ್ತದೆ: ಕಾಲೇಜಿನ ಮೂಲ ವಿದ್ಯಾರ್ಥಿಗಳು ನೂರು ಮಂದಿ, 1663ರಲ್ಲಿ ಸೇರ್ಪಡೆಯಾದ ಸ್ಥಾನ ಇನ್ನೊಂದು. ಬಾಗಿಲು ಹಾಕುವ ಹೊತ್ತಾಯಿತೆಂದು ಅವರನ್ನು ಒಳಗೆ ಕರೆಯುವ ಗಂಟೆ ಅದಾಗಿತ್ತು. ಸೋಜಿಗವೆಂದರೆ ಅದು ಬಾರಿಸುವುದು ಒಂಬತ್ತಕ್ಕಲ್ಲ, ಒಂಬತ್ತು ಗಂಟೆ ಐದು ನಿಮಿಷಕ್ಕೆ. ಆಕ್ಸ್‌ಫರ್ಡ್ ಇರುವುದು ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಸುಮಾರು ಒಂದೂಕಾಲು ಡಿಗ್ರಿ ದೂರದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಇಲ್ಲಿ ಸೂರ್ಯ ಐದು ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ರೈಲು ಬಂದ ಮೇಲೆ ದೇಶವೆಲ್ಲ ಲಂಡನ್ನಿನ ಸಮಯಕ್ಕೆ ಒಗ್ಗಿಕೊಂಡರೂ ಈ ಗಂಟೆ ಮಾತ್ರ ಊರಿನ ಹಳೆಯ ಸಮಯವನ್ನು ಬಿಟ್ಟುಕೊಟ್ಟಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಳ್ಳಿರುವಾಗ ಈ ಐದು ನಿಮಿಷದ ನಿಷ್ಠೆಗೆ ಏನರ್ಥ ಎಂದು ನನ್ನ ಪತಿ ತಕರಾರು ತೆಗೆದರು. ಗಣಿತದ ಮೇಷ್ಟರಾಗಿದ್ದ ಅಪ್ಪ ಮಾತ್ರ ಹೋಟೆಲಿನ ಕಾಗದದ ಮೇಲೆ ಮೈಸೂರಿನ ಲೆಕ್ಕ ಹಾಕಲಾರಂಭಿಸಿದರು. ಭಾರತದ ಸಮಯ ನಿಂತಿರುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಮೇಲೆ, ಮೈಸೂರು ಇರುವುದು ಎಪ್ಪತ್ತಾರೂವರೆ ಡಿಗ್ರಿಗಿಂತ ತುಸು ಆಚೆ. ಅಂದರೆ ಟಾಮ್‌ನ ರೀತಿಯಲ್ಲಿ ನಡೆದುಕೊಂಡರೆ ನಮ್ಮೂರಿನ ಗಂಟೆ ಒಂಬತ್ತು ಇಪ್ಪತ್ತಮೂರಕ್ಕೆ ಬಾರಿಸಬೇಕು. ಹಗಲಿನ ಪ್ರವಾಸದಲ್ಲಿ ಈ ಪಾಠ ದೊರೆಯುತ್ತಿರಲಿಲ್ಲ.

ಮೇ ಕೊನೆಯಲ್ಲಿ ಇಲ್ಲಿ ಬೆಳಗಿನ ಐದಕ್ಕೆಲ್ಲ ಬೆಳಕು ಹರಿಯುತ್ತದೆ, ತೆಳುಪರದೆಯ ಕೋಣೆಯಲ್ಲಿ ನಿದ್ದೆ ಮುಂದುವರಿಯುವುದಿಲ್ಲ. ಇದನ್ನೇ ಲಾಭ ಮಾಡಿಕೊಂಡು ಅಪ್ಪನೂ ನಾನೂ ಬೇಗ ಹೊರಬಿದ್ದೆವು. ಹಗಲಿನಲ್ಲಿ ಮಾರ್ಗದರ್ಶಿಗಳ ಕೊಡೆಗಳಿಂದ ತುಂಬಿಹೋಗುವ ರ‍್ಯಾಡ್‌ಕ್ಲಿಫ್ ಚೌಕದಲ್ಲಿ ಆ ಹೊತ್ತಿಗೆ ಸೈಕಲ್ಲೊಂದರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. 1749ರಲ್ಲಿ ತೆರೆದ, ಗುಮ್ಮಟದ ಆ ದುಂಡನೆಯ ಗ್ರಂಥಾಲಯವನ್ನು ಅಪ್ಪ ಒಂದು ಸುತ್ತು ಬಂದರು, ಅದೂ ಪ್ರದಕ್ಷಿಣೆಯ ದಿಕ್ಕಿನಲ್ಲೇ. ಅದರ ಪಕ್ಕದ ಆಲ್ ಸೋಲ್ಸ್ ಕಾಲೇಜನ್ನು ಅವರು ನೋಡಲೇಬೇಕಿತ್ತು. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರು 1936ರಿಂದ 1952ರವರೆಗೆ ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಧರ್ಮಗಳ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾಗಿದ್ದರು ಮತ್ತು ಈ ಕಾಲೇಜಿನ ಫೆಲೋ ಆಗಿದ್ದರು. ಅವರು ಮೈಸೂರು ಬಿಡುವಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಮುಟ್ಟಿಸಿದ ಕಥೆಯನ್ನು ಮಹಾರಾಜಾ ಕಾಲೇಜಿನಲ್ಲಿ ಓದಿದ ಯಾರೂ ಮರೆಯುವುದಿಲ್ಲ, ಅಪ್ಪನಂತೂ ಮುಚ್ಚಿದ ಗೇಟಿನ ಎದುರು ನಿಂತು ಅದನ್ನು ನನಗೆ ಮತ್ತೆ ಹೇಳಿದರು.

ಅಲ್ಲಿಂದ ಬ್ರಾಡ್ ಸ್ಟ್ರೀಟಿನ ಮೂಲೆಗೆ ಬಂದರೆ ಛಾವಣಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಆನೆಯೊಂದು ಕಾಣಿಸುತ್ತದೆ. ಅದು ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟಿನ ಕಟ್ಟಡ. ಸಂಸ್ಕೃತ ನಿಘಂಟಿನ ಮೋನಿಯರ್ ವಿಲಿಯಮ್ಸ್ ಭಾರತದ ರಾಜಮಹಾರಾಜರಿಂದಲೂ ದೇಣಿಗೆ ಎತ್ತಿ ಕಟ್ಟಿಸಿದ ಇದಕ್ಕೆ 1883ರಲ್ಲಿ ಶಂಕುಸ್ಥಾಪನೆಯಾಯಿತು. ಐಸಿಎಸ್ ಅಧಿಕಾರಿಗಳನ್ನು ತಯಾರು ಮಾಡುವ ಉದ್ದೇಶವೂ ಅದರ ಹಿಂದಿತ್ತೆಂಬುದನ್ನು ಮರೆತು ಹಿಗ್ಗುವುದು ಸರಿಯಲ್ಲ. ಸಂಸ್ಥೆ ಅಲ್ಲಿಂದ ತೆರವಾಗಿ ದಶಕಗಳೇ ಕಳೆದಿವೆ, ಆನೆ ಮಾತ್ರ ಇನ್ನೂ ಗಾಳಿಗೆ ಮುಖ ತಿರುಗಿಸುತ್ತಿದೆ.

ಹಗಲಿನಲ್ಲಿ ಅಮ್ಮನಿಗಾಗಿ ನೋಡಿದ್ದು ಮಾಡ್ಲಿನ್ ಕಾಲೇಜೊಂದನ್ನೇ. ಧಾರವಾಡದಲ್ಲಿ ಗಣಿತ ಓದಿ ರೋಡ್ಸ್ ವಿದ್ಯಾರ್ಥಿವೇತನ ಪಡೆದ ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಇದ್ದದ್ದು ಇಲ್ಲಿ; ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟಕ್ಕೆ ಅಧ್ಯಕ್ಷರಾದದ್ದೂ ಇಲ್ಲಿಂದಲೇ. ಅವರ ನಾಟಕಗಳನ್ನು ಕಲಾಮಂದಿರದಲ್ಲಿ ನೋಡುತ್ತ ಬಂದಿದ್ದ ಅಮ್ಮ, ಜಿಂಕೆಗಳ ತೋಪಿನ ಎದುರಿನ ಬೆಂಚಿನಲ್ಲಿ ಮಂಡಿಗೆ ಬಿಡುವು ಕೊಡುತ್ತ ಬಹಳ ಹೊತ್ತು ಕುಳಿತರು, ಹುಡುಗ ಈ ಚಳಿಯಲ್ಲಿ ಊಟಕ್ಕೆ ಏನು ಮಾಡುತ್ತಿದ್ದನೋ ಎಂಬುದು ಅವರ ಚಿಂತೆ. ಹೊರಬಂದಾಗ ಹೈ ಸ್ಟ್ರೀಟಿನ ಪರೀಕ್ಷಾ ಭವನದಿಂದ ಕಪ್ಪು ನಿಲುವಂಗಿಯ ವಿದ್ಯಾರ್ಥಿಗಳು ಎದೆಗೆ ಕಾರ್ನೇಷನ್ ಹೂ ಸಿಕ್ಕಿಸಿಕೊಂಡು ಬರುತ್ತಿದ್ದರು. ಮೊದಲ ಪರೀಕ್ಷೆಗೆ ಬಿಳಿ, ನಡುವಿನವಕ್ಕೆ ಗುಲಾಬಿ, ಕೊನೆಯದಕ್ಕೆ ಕೆಂಪು. ಮಗಳು ಮುಖಗಳನ್ನು ಬಿಟ್ಟು ಹೂಗಳನ್ನೇ ನೋಡಿ ಯಾರಿಗೆ ಇನ್ನೆಷ್ಟು ಕಷ್ಟ ಉಳಿದಿದೆಯೆಂದು ಹೇಳುವ ಆಟ ಕಟ್ಟಿಕೊಂಡಳು.

ಹೊರಡುವ ದಿನ ಹನ್ನೊಂದಕ್ಕೆ ಕೋಣೆ ಬಿಟ್ಟು, ಪೆಟ್ಟಿಗೆಗಳನ್ನು ಹೋಟೆಲಿನಲ್ಲಿಯೇ ಇರಿಸಿ, ಪಾರ್ಕ್ಸ್ ರಸ್ತೆಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೂ ಅದರ ಹಿಂಬದಿಯಲ್ಲಿ ಕೂಡಿಕೊಂಡಿರುವ ಪಿಟ್ ರಿವರ್ಸ್ ಸಂಗ್ರಹಾಲಯಕ್ಕೂ ಹೋದೆವು. ಎರಡಕ್ಕೂ ಪ್ರವೇಶ ಉಚಿತ. ಕಾಲೇಜುಗಳ ಟಿಕೆಟ್ಟಿಗೆ ತೆತ್ತ ಹಣದ ನೋವು ಇಲ್ಲಿ ಕೊಂಚ ಶಮನವಾಗುತ್ತದೆ. ಪಿಟ್ ರಿವರ್ಸ್‌ನಲ್ಲಿ ವಸ್ತುಗಳನ್ನು ದೇಶವಾರು ಇಟ್ಟಿಲ್ಲ, ಬಳಕೆಯ ಪ್ರಕಾರ ಇಟ್ಟಿದ್ದಾರೆ. ಎಲ್ಲ ನಾಡುಗಳ ದೀಪಗಳು ಒಂದು ಕಡೆ, ವಾದ್ಯಗಳು ಒಂದು ಕಡೆ, ಆಯುಧಗಳು ಇನ್ನೊಂದು ಕಡೆ. ಕಪಾಟುಗಳ ಕೆಳಗಿನ ಸೆಳೆಖಾನೆಗಳನ್ನು ನೋಡುಗರೇ ಎಳೆದು ನೋಡಬಹುದು. ಇದು ತಿಳಿದ ಮೇಲೆ ಮಕ್ಕಳಿಬ್ಬರೂ ಒಂದನ್ನೂ ಬಿಡದೆ ತೆರೆಯತೊಡಗಿದರು, ಅವರ ಹಿಂದೆ ಅಪ್ಪ ಕನ್ನಡಕ ಸರಿಪಡಿಸಿಕೊಳ್ಳುತ್ತ ಚೀಟಿಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತ ಬಂದರು. ಗೊತ್ತುಮಾಡಿಕೊಂಡಿದ್ದ ರೈಲು ಅಷ್ಟರಲ್ಲಿ ಹೊರಟುಹೋಯಿತು; ಟಿಕೆಟ್ ಯಾವ ರೈಲಿಗಾದರೂ ನಡೆಯುವಂಥದ್ದಾಗಿದ್ದರಿಂದ ಮುಂದಿನದಕ್ಕೆ ಹತ್ತಿದೆವು.