ಎಕ್ಸ್‌ರೇ ರೂಮಿನ ರಿಜಿಸ್ಟರ್: ಇಲ್ಲಿಯವರೆಗೆ ಆಗಿದ್ದು

ಲಿಂಗಸುಗೂರಿನ ಒಂದು ಸಣ್ಣ ಡಯಾಗ್ನೊಸ್ಟಿಕ್ ಸೆಂಟರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ನಾನು. ಮಷೀನು ಹಳೆಯದು, ಜೊತೆಗೆ ಸಿಆರ್ ಕ್ಯಾಸೆಟ್ಟು (ಫಿಲ್ಮಿನ ಬದಲು ಚಿತ್ರ ಹಿಡಿಯುವ ಪ್ಲೇಟು), ಅದನ್ನು ಓದಿ ಕಂಪ್ಯೂಟರಿಗೆ ಕೊಡುವ ಒಂದು ರೀಡರ್. ಚಿತ್ರ ನೇರವಾಗಿ ಕಂಪ್ಯೂಟರಿಗೆ ಬರುವ ಡಿಆರ್ ಮಷೀನ್ ಬಂದ ಮೇಲೆ ನೋಡೋಣ ಅಂತ ಕೂರುವ ಬದಲು, ಇರುವ ಸಾಮಾನಿನಲ್ಲೇ ಎಷ್ಟು ಒಳ್ಳೆ ಚಿತ್ರ ತೆಗೆಯಬಹುದು ಅಂತ ನೋಡುವುದೇ ಈ ಪ್ರಾಜೆಕ್ಟು. ಪೇಷಂಟ್ ಇಲ್ಲದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೇನೆ.

ಮೊದಲು ಮಾಡಿದ್ದು ಒಂದು ರಿಜಿಸ್ಟರ್. ಎರಡನೇ ಸಲ ತೆಗೆಯಬೇಕಾಗಿ ಬಂದ ಪ್ರತಿ ಎಕ್ಸ್‌ರೇಗೂ ಅದರಲ್ಲಿ ಒಂದು ಸಾಲು. ಯಾವ ಭಾಗ, ಯಾಕೆ ಮತ್ತೆ ತೆಗೆದೆವು, ಅಷ್ಟೇ. ತೆಗೆದವರ ಹೆಸರು ಬರೆಯಲ್ಲ, ಹೆಸರು ಬರೆಯಬೇಕು ಅಂದರೆ ಯಾರೂ ನಿಜವಾದ ಕಾರಣ ಬರೆಯಲ್ಲ. ಚಿತ್ರ ಚೆನ್ನಾಗಿ ಬರದಿದ್ದರೆ ಮಷೀನ್ ಸರಿ ಇಲ್ಲ ಅನ್ನುವುದು ನಮ್ಮಲ್ಲಿ ರೂಢಿ. ಆದರೆ ಸಾಲುಗಳು ತುಂಬುತ್ತಾ ಹೋದಾಗ ಕಂಡಿದ್ದು ಬೇರೆ. ಜಾಸ್ತಿ ಇದ್ದದ್ದು ಪೊಸಿಷನ್ ತಪ್ಪು, ಆಮೇಲೆ ಉಸಿರು ಸರಿಯಾಗಿ ಎಳೆಯದ್ದು, ಆಮೇಲೆ ಮೈಮೇಲೆ ಬಿಟ್ಟ ಸರ, ಪಿನ್ನು. ಕೆವಿ (ಎಕ್ಸ್‌ರೇ ಎಷ್ಟು ಜೋರಾಗಿ ತೂರಬೇಕು ಅನ್ನುವುದು), ಎಂಎಎಸ್ (ಎಷ್ಟು ಎಕ್ಸ್‌ರೇ ಬಿಡಬೇಕು ಅನ್ನುವುದು) ತಪ್ಪಿದ್ದು ಇತ್ತು, ಆದರೆ ಮೇಲೆ ಇರಲಿಲ್ಲ. ಮಷೀನಿನ ಲೆಕ್ಕಕ್ಕೆ ಬಂದಿದ್ದು ತೀರಾ ಕಡಿಮೆ.

ಹಾಗಂತ ಮಷೀನ್ ನೋಡದೆ ಬಿಡಲಿಲ್ಲ. ಎಕ್ಸ್‌ರೇ ಎಲ್ಲಿ ಬೀಳುತ್ತದೆ ಅಂತ ತೋರಿಸಲು, ಎಕ್ಸ್‌ರೇ ಹೊರಡುವ ಟ್ಯೂಬಿನ ಕೆಳಗೆ ಒಂದು ಲೈಟು ಇರುತ್ತದೆ. ಆ ಲೈಟು ಬಿದ್ದ ಕಡೆಯೇ ಎಕ್ಸ್‌ರೇ ಬೀಳುತ್ತದಾ ಅಂತ ನಾಣ್ಯ ಇಟ್ಟು ನೋಡಿದೆವು. ಕ್ಯಾಸೆಟ್ ಟೇಬಲ್ ಮೇಲೆ, ಟ್ಯೂಬ್ 100 ಸೆಂ.ಮೀ. ಎತ್ತರದಲ್ಲಿ. ಲೈಟನ್ನು ಕ್ಯಾಸೆಟ್‌ಗಿಂತ ಚಿಕ್ಕದಾಗಿ ತೆರೆದು, ಬೆಳಕಿನ ನಾಲ್ಕೂ ಅಂಚಿಗೆ ಒಳಗಡೆಯಿಂದ ತಾಗುವ ಹಾಗೆ ಒಂದೊಂದು ರೂಪಾಯಿ ನಾಣ್ಯ, ದಿಕ್ಕು ಗೊತ್ತಾಗಲಿ ಅಂತ ಒಂದು ಮೂಲೆಗೆ ಇನ್ನೊಂದು. ಎಲ್ಲರೂ ಹೊರಗೆ ಬಂದು ಸಣ್ಣ ಎಕ್ಸ್‌ಪೋಷರ್ ಕೊಟ್ಟೆವು. ಮೂರು ಕಡೆ ನಾಣ್ಯ ಪೂರ್ತಿ ಬೆಳ್ಳಗೆ ದುಂಡಗೆ ಬಂತು, ತಲೆ ಕಡೆಯದು ಮಾತ್ರ ಅರ್ಧ ಕತ್ತರಿಸಿ ಹೋಗಿತ್ತು. ಅಂದರೆ ಆ ಕಡೆ ಲೈಟು ಇದೆ, ಎಕ್ಸ್‌ರೇ ಇಲ್ಲ. ದೂರದ ಶೇಕಡಾ 2ರಷ್ಟು, ಅಂದರೆ 100 ಸೆಂ.ಮೀ.ಗೆ 2 ಸೆಂ.ಮೀ. ತನಕ ವ್ಯತ್ಯಾಸ ನಡೆಯುತ್ತದೆ. ನಮ್ಮದು ಅದರೊಳಗೇ ಇತ್ತು, ಆದರೂ ಇಂಜಿನಿಯರ್ ಬಂದಾಗ ಕೊಲಿಮೇಟರ್ (ಎಕ್ಸ್‌ರೇ ಬೀಳುವ ಜಾಗ ಹಿಗ್ಗಿಸಿ ಕುಗ್ಗಿಸುವ ಪೆಟ್ಟಿಗೆ) ಒಳಗಿನ ಕನ್ನಡಿ ಸರಿ ಮಾಡಿಸಿಕೊಂಡೆವು. ಲೈಟಿನ ಮೇಲೆ ನಂಬಿಕೆ ಬಂದರೆ ಮಾತ್ರ ಕೊಲಿಮೇಷನ್ ಬಿಗಿ ಮಾಡಲು ಧೈರ್ಯ ಬರುತ್ತದೆ. ನಂಬಿಕೆ ಇಲ್ಲದವರು ಸುಮ್ನೆ ಪೂರ್ತಿ ತೆರೆದಿಡುತ್ತಾರೆ, ಆಗ ಸ್ಕ್ಯಾಟರ್ (ಮೈಯೊಳಗೆ ಚೆದುರಿದ ಎಕ್ಸ್‌ರೇ) ಹೆಚ್ಚಿ ಚಿತ್ರ ಮಂಕಾಗುತ್ತದೆ, ಪೇಷಂಟಿಗೆ ಡೋಸೂ ಜಾಸ್ತಿ.

ಎರಡನೇ ಕೆಲಸ ಎಕ್ಸ್‌ಪೋಷರ್ ಚಾರ್ಟ್, ಅಂದರೆ ಎಷ್ಟು ದಪ್ಪಕ್ಕೆ ಎಷ್ಟು ಕೆವಿ, ಎಂಎಎಸ್ ಅನ್ನುವ ಪಟ್ಟಿ. ಗೋಡೆ ಮೇಲೆ ಹಳೆಯದೊಂದು ಇತ್ತು, ಬೇರೆ ಯಾವುದೋ ಮಷೀನಿನದು, ಅದೂ "ದಪ್ಪ, ಸಾಧಾರಣ, ತೆಳು" ಅಂತ. ಕಣ್ಣಂದಾಜು ಬೇಡ ಅಂತ ಬಡಗಿ ಹತ್ತಿರ ಕಟ್ಟಿಗೆಯ ಅಳತೆಪಟ್ಟಿ ಮಾಡಿಸಿದೆ, ಒಂದು ತೋಳು ಜರುಗುತ್ತದೆ, ಪೇಷಂಟಿನ ಸೊಂಟದ ದಪ್ಪ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಪರೀಕ್ಷೆ. ಎಕ್ಸ್‌ರೇ ಮಟ್ಟಿಗೆ ನೀರು ನಮ್ಮ ಮಾಂಸಕ್ಕೆ ತುಂಬಾ ಹತ್ತಿರ. ಕೆವಿ 70ಕ್ಕೆ ಕಟ್ಟಿ, ನೀರಿನ ಆಳ ಏರಿಸುತ್ತಾ, ರೀಡರ್ ತೋರಿಸುವ ಎಕ್ಸ್‌ಪೋಷರ್ ಇಂಡೆಕ್ಸ್ (ಕ್ಯಾಸೆಟ್ಟಿಗೆ ಎಷ್ಟು ಎಕ್ಸ್‌ರೇ ತಲುಪಿತು ಅನ್ನುವ ಅಂಕಿ) ಮೊದಲಿನಷ್ಟೇ ಬರಲು ಎಷ್ಟು ಎಂಎಎಸ್ ಬೇಕು ಅಂತ ಬರೆಯುತ್ತಾ ಹೋದೆ. ಸುಮಾರು 4 ಸೆಂ.ಮೀ. ಏರಿದಾಗಲೆಲ್ಲ ಎಂಎಎಸ್ ದುಪ್ಪಟ್ಟು ಬೇಕಾಯ್ತು, ಪುಸ್ತಕದಲ್ಲಿ ಓದಿದ ಲೆಕ್ಕವೇ. ಕೆವಿಯನ್ನು ಶೇಕಡಾ 15 ಏರಿಸಿದರೆ ಎಂಎಎಸ್ ದುಪ್ಪಟ್ಟು ಮಾಡಿದಷ್ಟೇ ಪರಿಣಾಮ ಅನ್ನುವುದೂ ಹೆಚ್ಚುಕಡಿಮೆ ಹೊಂದಿತು. ನಡುನಡುವೆ ಟ್ಯೂಬ್ ತಣ್ಣಗಾಗಲು ಬಿಡಬೇಕು. ನಮ್ಮ ಅಂಕಿಗಳನ್ನು ಇಲ್ಲಿ ಹಾಕಲ್ಲ, ಒಂದು ಮಷೀನಿನ ಚಾರ್ಟು ಇನ್ನೊಂದಕ್ಕೆ ಆಗಲ್ಲ, ನೀವೇ ಮಾಡಿಕೊಳ್ಳಬೇಕು.

ದೂರ ಹೋದಷ್ಟೂ ಎಕ್ಸ್‌ರೇ ಹರಡಿ ತೆಳುವಾಗುತ್ತದೆ, ಆ ದೂರದ ಲೆಕ್ಕವನ್ನೂ ಚಾರ್ಟಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆವು. 100 ಸೆಂ.ಮೀ.ಯಲ್ಲಿ 10 ಎಂಎಎಸ್ ಸಾಕಾದರೆ 180 ಸೆಂ.ಮೀ.ಗೆ ಹೋದಾಗ ಸುಮಾರು 32 ಬೇಕು. ಇನ್ನೊಂದು, ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ವೋಲ್ಟೇಜ್ ಇಳಿಯುತ್ತದೆ, ಹಳೆ ಮಷೀನಿನಲ್ಲಿ ಅದರ ಜೊತೆ ಕೆವಿಯೂ ಇಳಿಯುತ್ತದೆ. ಪ್ರತಿ ಎಕ್ಸ್‌ಪೋಷರ್‌ಗೂ ಮುಂಚೆ ಲೈನ್ ಮೀಟರಿನ ಮುಳ್ಳು ಗುರುತಿಗೆ ಬಂದಿದೆಯಾ ಅಂತ ನೋಡಿ ನಾಬ್ ತಿರುಗಿಸುವುದು ಈಗ ಅಭ್ಯಾಸ ಆಗಿದೆ.

ಸಿಆರ್ ಇರುವವರು ಇದನ್ನು ಗಮನಿಸಿ. ಫಿಲ್ಮಿನಲ್ಲಿ ಡೋಸ್ ಜಾಸ್ತಿಯಾದರೆ ಚಿತ್ರ ಕಪ್ಪಾಗಿ ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ಕಂಪ್ಯೂಟರ್ ಸರಿ ಮಾಡಿಬಿಡುತ್ತದೆ. ಕಡಿಮೆಯಾದರೆ ಮಾತ್ರ ಚಿತ್ರ ಮರಳು ಮರಳಾಗಿ ಕಾಣುತ್ತದೆ, ಡಾಕ್ಟರ್ ಬೈತಾರೆ. ಹಾಗಾಗಿ ಗೊತ್ತಿಲ್ಲದೆಯೇ ಎಲ್ಲರ ಕೈ ಜಾಸ್ತಿ ಕಡೆಗೆ ಜಾರುತ್ತದೆ. ತಡೆಯಲು ಇಂಡೆಕ್ಸ್ ನೋಡುವುದೊಂದೇ ದಾರಿ. ಅದರಲ್ಲೂ ಕಂಪನಿಗೊಂದು ರೀತಿ: ಫ್ಯೂಜಿಯ ಎಸ್ ನಂಬರ್ ಡೋಸ್ ಏರಿದಷ್ಟೂ ಇಳಿಯುತ್ತದೆ, ಕೊಡಾಕ್‌ನದು ಏರುತ್ತದೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಹೆಚ್ಚು ಹೊತ್ತು ಹೋಗಿದ್ದು ಎದೆಯ ಎಕ್ಸ್‌ರೇ ಮೇಲೆ. ನಮ್ಮ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಗಣಿಯಲ್ಲಿ, ಕಲ್ಲು ಒಡೆಯುವ ಕಡೆ ದುಡಿದವರು ಕೆಮ್ಮು, ದಮ್ಮು ಅಂತ ಬರುತ್ತಾರೆ. ಸಿಲಿಕಾ ಧೂಳಿನ ಸಣ್ಣ ಸಣ್ಣ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲೇ ಜಾಸ್ತಿ, ಟಿಬಿಯೂ ಹೆಚ್ಚಾಗಿ ಕೂರುವುದು ಅಲ್ಲೇ. ಚಿತ್ರ ಬೆಳ್ಳಗಾದರೆ ಇಲ್ಲದ ರೋಗ ಇದ್ದಂತೆ ಕಾಣುತ್ತದೆ, ತೀರಾ ಕಪ್ಪಾದರೆ ಇರುವ ಗಂಟೇ ಅಳಿಸಿ ಹೋಗುತ್ತದೆ. ಈ ಧೂಳಿನ ರೋಗಗಳ ಎಕ್ಸ್‌ರೇ ಓದಲು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಮಾಡಿರುವ ಪದ್ಧತಿಯಲ್ಲಿ ಮೊದಲು ಚಿತ್ರದ ಗುಣಮಟ್ಟಕ್ಕೇ 1ರಿಂದ 4ರವರೆಗೆ ದರ್ಜೆ ಕೊಡುತ್ತಾರೆ, 4 ಬಂದರೆ ಆ ಚಿತ್ರ ವರ್ಗೀಕರಣಕ್ಕೆ ಬರಲ್ಲ. ಜೀವಮಾನವೆಲ್ಲ ಧೂಳು ಕುಡಿದ ಮನುಷ್ಯನ ಚಿತ್ರ ನಮ್ಮ ಕೈಯಿಂದ 4 ಆಗಬಾರದು, ಅಲ್ವಾ?

ಆದ್ದರಿಂದ ಈಗ ಹೀಗೆ ಮಾಡುತ್ತೇವೆ. ಎದೆ ಕ್ಯಾಸೆಟ್ಟಿಗೆ, ಬೆನ್ನು ಟ್ಯೂಬಿಗೆ, ದೂರ 180 ಸೆಂ.ಮೀ., ಹೃದಯ ದೊಡ್ಡದಾಗಿ ಕಾಣಬಾರದು ಅಂತ. ಗದ್ದ ಮೇಲೆ, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ ಒತ್ತಿಸಿದರೆ ಹೆಗಲ ಮೂಳೆ ಶ್ವಾಸಕೋಶದಿಂದ ಆಚೆ ಸರಿಯುತ್ತದೆ. ಆಮೇಲೆ ಉಸಿರು. ಮೊದಲು ಬಟನ್ ಹತ್ತಿರ ನಿಂತು "ಉಸಿರು ತಗೊಳ್ಳಿ" ಅಂತ ಕೂಗುತ್ತಿದ್ದರು, ಪೇಷಂಟಿಗೆ ಅರ್ಥ ಆಗುವಷ್ಟರಲ್ಲಿ ಎಕ್ಸ್‌ಪೋಷರ್ ಮುಗಿದಿರುತ್ತಿತ್ತು. ಈಗ ಪಕ್ಕದಲ್ಲೇ ನಿಂತು ಒಂದು ಸಲ ಮಾಡಿ ತೋರಿಸುತ್ತೇವೆ. "ಕಾಕಾ, ದಮ್ಮು ಎಳ್ಕೋರಿ. ಬಿಡ್ರಿ. ಇನ್ನೊಮ್ಮೆ ಜೋರಾಗಿ ಎಳ್ಕೋರಿ, ಹಂಗ ಹಿಡೀರಿ." ಎರಡನೇ ಉಸಿರು ಸಾಮಾನ್ಯವಾಗಿ ಮೊದಲಿನದಕ್ಕಿಂತ ಆಳ. ಚಿತ್ರ ಬಂದ ಮೇಲೆ ವಪೆಯ (ಡಯಾಫ್ರಮ್) ಮೇಲೆ ಹಿಂದಿನ ಪಕ್ಕೆಲುಬು ಒಂಬತ್ತು ಹತ್ತು ಎಣಿಸಲು ಸಿಗಬೇಕು. ಎರಡೂ ಕಾಲರ್ ಮೂಳೆಗಳ ಒಳತುದಿ ಬೆನ್ನುಮೂಳೆಯ ಮುಳ್ಳಿನಿಂದ ಸಮ ದೂರದಲ್ಲಿದ್ದರೆ ಪೇಷಂಟ್ ತಿರುಗಿಲ್ಲ ಅಂತ ಅರ್ಥ. ರಿಜಿಸ್ಟರಿನಲ್ಲಿ "ಉಸಿರು" ಅನ್ನುವ ಸಾಲು ಈಗ ಅಪರೂಪಕ್ಕೆ ಬರುತ್ತಿದೆ.

ಹೆಣ್ಣುಮಕ್ಕಳ ಜಡೆ ಬೇರೆಯೇ ವಿಷಯ. ಎಣ್ಣೆ ಹಚ್ಚಿದ, ಒದ್ದೆ ಇರುವ ದಪ್ಪ ಜಡೆ ಭುಜದ ಮೇಲೆ ಬಿದ್ದರೆ ಶ್ವಾಸಕೋಶದ ತುದಿಯಲ್ಲಿ ಟಿಬಿ ಮಚ್ಚೆಯಂತೆಯೇ ನೆರಳು ಕೊಡುತ್ತದೆ. "ಅಕ್ಕಾ, ಜಡಿ ಮ್ಯಾಲ ಕಟ್ಕೋರಿ" ಅಂತ ಹೇಳಿ ತಲೆ ಮೇಲೆ ಕಟ್ಟಿಸಿಬಿಡುತ್ತೇವೆ. ತಾಳಿ ತೆಗೆಯಲು ಮನಸ್ಸಿಲ್ಲದವರನ್ನು ಒತ್ತಾಯ ಮಾಡಲ್ಲ, ಸರವನ್ನು ಮೇಲೆತ್ತಿ ಹಲ್ಲಿನಲ್ಲಿ ಕಚ್ಚಿಕೊಳ್ಳಿ ಅಂದರೆ ಸಾಕು. ಸೊಂಟದ ಎಕ್ಸ್‌ರೇಗೆ ಬಂದ ಗಂಡಸರಿಗೆ ಬೆಳ್ಳಿ ಉಡದಾರ ಕೆಳಗೆ ಜಾರಿಸಲು ಹೇಳುವುದು ಮರೆಯಬಾರದು.

ಈಗ ರಿಜಿಸ್ಟರಿನಲ್ಲಿ ಮೇಲೆ ಉಳಿದಿರುವುದು ಮಂಡಿಯ ಲ್ಯಾಟರಲ್, ಅಂದರೆ ಪಕ್ಕದಿಂದ ತೆಗೆಯುವ ಚಿತ್ರ. ಮಂಡಿಯನ್ನು 20ರಿಂದ 30 ಡಿಗ್ರಿ ಮಡಿಸಿ, ಟ್ಯೂಬನ್ನು ತಲೆ ಕಡೆಗೆ 5ರಿಂದ 7 ಡಿಗ್ರಿ ವಾಲಿಸಿದರೆ ತೊಡೆಮೂಳೆಯ ಕೆಳತುದಿಯ ಎರಡೂ ಉಬ್ಬುಗಳು ಒಂದರ ಮೇಲೊಂದು ಕೂರಬೇಕು. ಮಂಡಿ ನೋವಿನ ಅಜ್ಜ ಅಜ್ಜಿಯರಿಗೆ ಆ ಕೋನದಲ್ಲಿ ಕಾಲು ನಿಲ್ಲಿಸುವುದೇ ಕಷ್ಟ, ಹಾಗಾಗಿ ಗಟ್ಟಿ ಸ್ಪಾಂಜಿನಲ್ಲಿ ಇಳಿಜಾರು ತುಂಡು ಕತ್ತರಿಸುತ್ತಿದ್ದೇನೆ. ಹೇಗೆ ಬಂತು ಅಂತ ಮುಂದಿನ ಸಲ ಬರೆಯುತ್ತೇನೆ.