ರಾಡ್ ಹಾಕದೆ ಲೈನ್ ಮುಟ್ಟಬೇಡ

ನಾನು ಹೊಸನಗರ ತಾಲ್ಲೂಕಿನ ಒಂದು ಸೆಕ್ಷನ್ನಿನಲ್ಲಿ ಲೈನ್‌ಮ್ಯಾನ್. ಈಗ ಕಾಗದದಲ್ಲಿ ಪವರ್‌ಮ್ಯಾನ್ ಅಂತ ಬರೆಯುತ್ತಾರೆ, ಊರವರ ಬಾಯಲ್ಲಿ ಇವತ್ತಿಗೂ ಲೈನ್‌ಮ್ಯಾನೇ. ಮಲೆನಾಡಿನಲ್ಲಿ ಈ ಕೆಲಸ ಅಂದರೆ ಮಳೆಗಾಲದ್ದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆಗಾಲ ಕಷ್ಟ ಹೌದು. ಆದರೆ ನನ್ನ ಪ್ರಾರ್ಥನೆ ತಪ್ಪುತ್ತಿದ್ದದ್ದು ಬೇಸಿಗೆಯಲ್ಲಿ.

ಮಾರ್ಚ್ ಕಳೆಯುವಾಗ ಅಡಿಕೆ ತೋಟಗಳಿಗೆ ನೀರು ಬೇಕೇ ಬೇಕು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮೇಲೆ ಲೋಡ್ ಏರಿ ಫ್ಯೂಸ್ ಹೋಗುತ್ತದೆ, ಅದೂ ನಡು ಮಧ್ಯಾಹ್ನ. ಏಪ್ರಿಲ್‌ನಲ್ಲಿ ಸಂಜೆ ಗುಡುಗು, ಗಾಳಿ, ನಾಲ್ಕು ಹನಿ ಮಳೆ. ಲೈನ್ ಮೇಲೆ ಕೊಂಬೆ ಬಿದ್ದಿತು ಅಂತ ರಾತ್ರಿ ಹತ್ತಕ್ಕೆ ಫೋನ್. ಜೂನ್ ಬರುವ ಮೊದಲು ಲೈನಿನುದ್ದಕ್ಕೂ ಮರದ ಕೊಂಬೆ ಕಡಿದು ಮುಗಿಸಬೇಕು. ಅದಕ್ಕೆ ಭಾನುವಾರ, ಸೋಮವಾರ ಅಂತಿಲ್ಲ.

ನಾವು ಕ್ಯಾಥೋಲಿಕರು. ಬೂದಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ, ಅಂದರೆ ಯೇಸು ಪುನರುತ್ಥಾನವಾದ ಈಸ್ಟರ್‌ವರೆಗೆ, ತಪಸ್ಸುಕಾಲ. ಆ 40 ದಿನ ನಾನು ಒಂದನ್ನೂ ಬಿಡುತ್ತಿರಲಿಲ್ಲ. ಮಾಂಸ ಇಲ್ಲ, ಶುಕ್ರವಾರ ಶಿಲುಬೆ ಹಾದಿ, ರಾತ್ರಿ ಮನೆಯವರೆಲ್ಲ ಕೂತು ಜಪಸರದ ಮಣಿ ಎಣಿಸುತ್ತಾ ಪ್ರಾರ್ಥನೆ. ಪಾಸ್ಖ ಮುಗಿದ ಮೇಲೆ ಎಲ್ಲವೂ ಒಂದೊಂದಾಗಿ ಸಡಿಲವಾಗುತ್ತಿತ್ತು. ಪಾಸ್ಖ ಕಾಲ ತಪಸ್ಸುಕಾಲಕ್ಕಿಂತ ಉದ್ದ ಅನ್ನುವುದು ಎಷ್ಟು ಜನರ ಗಮನದಲ್ಲಿದೆಯೋ. ಪಾಸ್ಖದಿಂದ, ಪವಿತ್ರಾತ್ಮ ಇಳಿದುಬಂದ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ. ಉಪವಾಸಕ್ಕೆ 40, ಸಂತೋಷಕ್ಕೆ 50. ನಮ್ಮ ಕಡೆ ಆ 50 ದಿನ ಬರುವುದು ಸರಿಯಾಗಿ ಬಿಸಿಲ ಹೊತ್ತಿಗೇ.

2024ರಲ್ಲಿ ಪಾಸ್ಖ ಮಾರ್ಚ್ 31ಕ್ಕೇ ಬಂತು, ಪೆಂತೆಕೋಸ್ತ್ ಮೇ 19ಕ್ಕೆ. ಹಿಂದಿನ ವರ್ಷ ಮಳೆ ಕೈ ಕೊಟ್ಟಿತ್ತು, ಬಾವಿಗಳು ಬತ್ತಿದ್ದವು. ಮೇ 7ಕ್ಕೆ ಶಿವಮೊಗ್ಗದಲ್ಲಿ ಲೋಕಸಭಾ ಮತದಾನ. ಮತಗಟ್ಟೆಗಳಲ್ಲಿ ಕರೆಂಟ್ ಹೋಗದ ಹಾಗೆ ನೋಡಿಕೊಳ್ಳಬೇಕಿತ್ತು. ಆ ಬೇಸಿಗೆಯಲ್ಲಿ ಸತತ ನಾಲ್ಕು ಭಾನುವಾರ ನಾನು ಚರ್ಚಿನ ಬಲಿಪೂಜೆಗೆ ಹೋಗಲಿಲ್ಲ. ಮನೆಗೆ ಬಂದರೆ ಊಟ, ನಿದ್ದೆ. ಜಪಸರ ಗೋಡೆಯ ಮೊಳೆಯಲ್ಲೇ ಇತ್ತು. ಮಳೆ ಹಿಡಿಯಲಿ, ಆಮೇಲೆ ಸರಿಮಾಡಿಕೊಳ್ಳೋಣ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ. ರಾತ್ರಿಯ ಗಾಳಿಗೆ, ಮನೆಗಳಿಗೆ ಕರೆಂಟ್ ಕೊಡುವ ಎಲ್‌ಟಿ ಲೈನ್ ಮೇಲೆ ಹಲಸಿನ ಕೊಂಬೆ ಬಿದ್ದು ಒಂದು ತಂತಿ ಹರಿದಿತ್ತು. ಅದು ನಾಲ್ಕನೇ ಕಂಪ್ಲೇಂಟ್. ಟಿಸಿ ಹತ್ತಿರ ಹೋಗಿ ಆಫ್ ಮಾಡಿ ಬಂದೆ, ಏಣಿ ಇಟ್ಟೆ, ಬೆಲ್ಟ್ ಕಟ್ಟಿದೆ. ಅರ್ತ್ ರಾಡ್ ಗಾಡಿಯಲ್ಲೇ ಇತ್ತು. ನನ್ನ ಜೊತೆಗಿದ್ದ ಹಿರಿಯರು ಹಿಂದಿನಿಂದ ಅಂಗಿ ಹಿಡಿದರು.

“ರಾಡ್ ಎಲ್ಲಿ ಮಾರಾಯ?”

“ಆಫ್ ಮಾಡಿದ್ದೀನಲ್ಲ ಅಣ್ಣ.”

“ನೀನು ಆಫ್ ಮಾಡಿದ್ದೀಯ. ಆ ತೋಟದ ಮನೆಯ ಜನರೇಟರ್‌ನವರು ಮಾಡಿದ್ದಾರಾ?”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಲೈನ್ ಆಫ್ ಮಾಡಿದ್ದರೂ, ಯಾರದ್ದಾದರೂ ಮನೆಯ ಜನರೇಟರ್ ಅಥವಾ ಇನ್ವರ್ಟರ್ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ್ದರೆ ಅಲ್ಲಿಂದ ಕರೆಂಟ್ ಹಿಂದಕ್ಕೆ ಲೈನಿಗೆ ಬರುತ್ತದೆ. ಅದಕ್ಕೇ ಲೈನ್ ಮುಟ್ಟುವ ಮೊದಲು ಟೆಸ್ಟ್ ಮಾಡಿ, ತಂತಿಗಳಿಗೆ ರಾಡ್ ಹಾಕಿ ಭೂಮಿಗೆ ಸೇರಿಸುವುದು. ಎರಡು ನಿಮಿಷದ ಕೆಲಸ.

ರಾಡ್ ಹಾಕಿ, ತಂತಿ ಕಟ್ಟಿ, ಕೆಳಗೆ ಇಳಿದ ಮೇಲೆ ಅವರು ಇನ್ನೊಂದು ಮಾತು ಹೇಳಿದರು. “ಬಿಡುವಿದ್ದ ದಿನ ರಾಡ್ ಯಾರು ಬೇಕಾದರೂ ಹಾಕ್ತಾರೆ. ಕೆಲಸ ಜಾಸ್ತಿ ಇರೋ ದಿನವೇ ಅದು ಬೇಕಾಗೋದು.”

ಅವರು ಹೇಳಿದ್ದು ರಾಡ್ ಬಗ್ಗೆ. ನನಗೆ ಮಾತ್ರ ಮನೆಯ ಗೋಡೆಯ ಮೊಳೆಯಲ್ಲಿದ್ದ ಜಪಸರ ಕಣ್ಣಮುಂದೆ ಬಂತು. ಪ್ರಾರ್ಥನೆ ಬಿಟ್ಟಿದ್ದಕ್ಕೆ ದೇವರು ಹೆದರಿಸಿದರು ಅಂತ ನಾನು ನಂಬುವುದಿಲ್ಲ, ಯಾರೂ ಹಾಗೆ ಓದಿಕೊಳ್ಳಬೇಡಿ. ನನಗೆ ಕಂಡದ್ದು ಬೇರೆ. ಪ್ರಾರ್ಥನೆಯನ್ನು ನಾನು ಬಿಡುವಿನ ಕೆಲಸ ಮಾಡಿಕೊಂಡಿದ್ದೆ. ಬೇಸಿಗೆಯಲ್ಲಿ ಬಿಡುವಿಲ್ಲ, ಹಾಗಾಗಿ ಪ್ರಾರ್ಥನೆಯೂ ಇಲ್ಲ. ರಾಡ್‌ಗೆ ಗಂಟೆ ನಿಗದಿ ಇಲ್ಲ ಅಲ್ವಾ? ಲೈನ್ ಮುಟ್ಟುವ ಮುಂಚೆ, ಅಷ್ಟೇ. ನನ್ನ ಪ್ರಾರ್ಥನೆಯನ್ನೂ ಹಾಗೆ ಗಡಿಯಾರದಿಂದ ಬಿಡಿಸಿ ಕೆಲಸಕ್ಕೆ ಕಟ್ಟಬೇಕು ಅನ್ನಿಸಿತು.

ಕಂಬ ಹತ್ತುವ ಮುಂಚೆ ಮೈಮೇಲೆ ಲೋಹ ಇರಬಾರದು. ಕುತ್ತಿಗೆಯ ಶಿಲುಬೆಯನ್ನು ತೆಗೆದು ಬುತ್ತಿ ಚೀಲದಲ್ಲಿ ಇಡುತ್ತೇನೆ. ಮೊದಲು ಸುಮ್ನೆ ತೆಗೆದಿಡುತ್ತಿದ್ದೆ. ಈಗ ತೆಗೆಯುವಾಗ ಶಿಲುಬೆ ಗುರುತು ಹಾಕಿ, ಆ ದಿನ ಜೊತೆಗಿರುವವರ ಹೆಸರು ಹೇಳಿ ಒಪ್ಪಿಸುತ್ತೇನೆ. ಇಳಿದು ಹಾಕಿಕೊಳ್ಳುವಾಗ ಕೃತಜ್ಞತೆ. ಕಂಬದ ಮೇಲೆ ಮಾತ್ರ ಪ್ರಾರ್ಥನೆ ಇಲ್ಲ. ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಅನ್ನುವ ಒಪ್ಪಿಗೆ, ತೆಗೆದುಕೊಳ್ಳುವಾಗಲೂ ಇಲ್ಲ. ಆಗ ಕಣ್ಣು, ಕಿವಿ ಪೂರ್ತಿ ಕೆಲಸದ ಮೇಲೇ ಇರಬೇಕು. ಜೊತೆಗಾರನ ಜೀವ ನನ್ನ ಕೈಯಲ್ಲಿರುವಾಗ ಅದೇ ನಾನು ದೇವರಿಗೆ ಕೊಡಬೇಕಾದದ್ದು.

ಜಪಸರದಲ್ಲಿ ಐದು ಭಾಗ, ಒಂದೊಂದಕ್ಕೂ ರಹಸ್ಯ ಅಂತ ಹೆಸರು. ಐದನ್ನೂ ಒಟ್ಟಿಗೆ ಹೇಳಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಒಮ್ಮೆಗೇ ಸಿಗುವುದಿಲ್ಲ. ಆದರೆ ಗಾಳಿ ಬೀಸಿದ ಮರುದಿನ ಲೈನಿನ ಕೆಳಗೆ ನಡೆಯುತ್ತಾ ಎಲ್ಲಿ ಕೊಂಬೆ ತಾಗಿದೆ ಅಂತ ನೋಡಿಕೊಂಡು ಹೋಗಬೇಕು. ಒಂದು ಫಾಲ್ಟ್‌ನಿಂದ ಇನ್ನೊಂದಕ್ಕೆ ತೋಟ, ಗದ್ದೆಬದು ದಾಟಿ ಹೋಗಬೇಕು. ಒಂದು ರಹಸ್ಯಕ್ಕೆ ಹತ್ತು ಸಲ ‘ನಮೋ ಮರಿಯಾ’ ಪ್ರಾರ್ಥನೆ, ಕೈಯಲ್ಲಿ ಹತ್ತು ಬೆರಳು. ಮಣಿ ಬೇಕಾಗುವುದಿಲ್ಲ. ಸಂಜೆಯೊಳಗೆ ನಾಲ್ಕು ರಹಸ್ಯ ಆಗಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಧ್ಯಾಹ್ನದ ಪ್ರಾರ್ಥನೆ. ಬೇರೆ ದಿನಗಳಲ್ಲಿ ಹನ್ನೆರಡಕ್ಕೆ ತ್ರಿಕಾಲ ಪ್ರಾರ್ಥನೆ. ಪಾಸ್ಖ ಕಾಲದಲ್ಲಿ ಅದರ ಬದಲು ‘ಸ್ವರ್ಗದ ರಾಣಿಯೇ, ಆನಂದಿಸು’ ಅನ್ನುವುದನ್ನು ಹೇಳುತ್ತೇವೆ. ಪುನರುತ್ಥಾನದ ಸಂತೋಷಕ್ಕಾಗಿ ಅದನ್ನು ನಿಂತೇ ಹೇಳುವ ವಾಡಿಕೆ. ಒಂದು ನಿಮಿಷ ಸಾಕು. ಮೊಣಕಾಲೂರಲು ಜಾಗ ಹುಡುಕಬೇಕಿಲ್ಲ, ನಿಂತಲ್ಲೇ ಹೆಲ್ಮೆಟ್ ತೆಗೆದರೆ ಆಯಿತು. ಆ ಹೊತ್ತಿಗೆ ಬಾಯಾರಿಕೆಯೂ ಆಗಿರುತ್ತದೆ. ಹತ್ತಿರದ ಮನೆಯಲ್ಲಿ ನೀರು ಕೇಳಿದರೆ ನಮ್ಮ ಕಡೆ ಬರಿ ನೀರು ಕೊಡುವುದಿಲ್ಲ. ಬೆಲ್ಲ, ಇಲ್ಲವಾದರೆ ಮಜ್ಜಿಗೆ, ಮೇ ತಿಂಗಳಾದರೆ ಮುರುಗಲು ಹಣ್ಣಿನ ಪಾನಕ. ಬೈಬಲ್ಲಿನ ಯೊವಾನ್ನನ ಶುಭಸಂದೇಶದ ನಾಲ್ಕನೇ ಅಧ್ಯಾಯದಲ್ಲಿ ಯೇಸು ನಡೆದು ನಡೆದು ದಣಿದು ಬಾವಿಯ ಹತ್ತಿರ ಕೂರುತ್ತಾರೆ. ನಡು ಮಧ್ಯಾಹ್ನ. ನೀರಿಗೆ ಬಂದ ಸಮಾರಿಯದ ಹೆಂಗಸಿನ ಹತ್ತಿರ ಕುಡಿಯಲು ಕೇಳುತ್ತಾರೆ. ಆ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಯೇಸುವಿಗೂ ಬಿಸಿಲು ತಾಗಿತ್ತು ಅನ್ನುವುದು ನನಗೆ ಮನಸ್ಸಿಗೆ ಬಂದದ್ದು ಯಾರದೋ ಜಗಲಿಯಲ್ಲಿ ಲೋಟ ಹಿಡಿದು ಕೂತಾಗ.

ಭಾನುವಾರದ ವಿಷಯ ಫಾದರ್ ಹತ್ತಿರ ಬಿಚ್ಚಿ ಹೇಳಿದೆ. ಶನಿವಾರ ಸಂಜೆಯ ಬಲಿಪೂಜೆಗೆ ಬಂದರೂ ಭಾನುವಾರದ ಕಟ್ಟಳೆ ತೀರುತ್ತದೆ ಅಂದರು. ಧರ್ಮಸಭೆಯ ಕಾನೂನಿನಲ್ಲೇ ಇದೆಯಂತೆ. 1988ರಲ್ಲಿ ಆದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ, ಅಂದರೆ ನಮ್ಮ ಬಿಷಪರ ವ್ಯಾಪ್ತಿಯಲ್ಲಿ, ದಾವಣಗೆರೆ, ಚಿತ್ರದುರ್ಗವೂ ಸೇರಿವೆ. ಚರ್ಚುಗಳು ದೂರ ದೂರ, ಒಂದು ಕಡೆ ಪೂಜೆ ತಪ್ಪಿದರೆ ಪಕ್ಕದ್ದಕ್ಕೆ ಓಡಿ ಹೋಗಲು ಆಗುವುದಿಲ್ಲ. ಹಾಗಾಗಿ ಶನಿವಾರ ಸಂಜೆಯ ಡ್ಯೂಟಿಯನ್ನು ಬೇರೆಯವರ ಜೊತೆ ಬದಲಿಸಿಕೊಂಡೆ. ಯುಗಾದಿ, ದೀಪಾವಳಿಗೆ ಅವರ ಡ್ಯೂಟಿ ನನ್ನದು. ಕೇಳಲು ಇಷ್ಟು ವರ್ಷ ಸಂಕೋಚ ಪಟ್ಟಿದ್ದೆ. ಕೇಳಿದಾಗ “ಮೊದಲೇ ಹೇಳೋದಲ್ವಾ?” ಅಂದರು, ಅಷ್ಟೇ. ಆದರೂ ಕೆಲವು ಶನಿವಾರ ಗಾಳಿ ಬೀಸಿ ತಪ್ಪುತ್ತದೆ. ಆಗ ರಾತ್ರಿ ಆ ದಿನದ ವಾಚನಗಳನ್ನು ಓದಿ ಮಲಗುತ್ತೇನೆ.

ಮೇ ತಿಂಗಳು ಯೇಸುವಿನ ತಾಯಿ ಮರಿಯಮ್ಮನವರದು. ಮನೆಯಲ್ಲಿ ಮಕ್ಕಳಿಗೆ ರಜೆ, ಸಂಜೆ ಏಳಕ್ಕೆ ಜಪಸರ ಶುರು ಮಾಡುತ್ತಾರೆ. ಎಷ್ಟೋ ಸಲ ಆ ಹೊತ್ತಿಗೆ ನಮ್ಮ ಮನೆಯಲ್ಲೂ ಕರೆಂಟ್ ಇರುವುದಿಲ್ಲ, ನಾನು ಆ ಲೈನಿನ ಇನ್ನೊಂದು ತುದಿಯಲ್ಲೇ ಇರುತ್ತೇನೆ. ಅವರು ಮೇಣದಬತ್ತಿ ಹಚ್ಚಿ ನಾಲ್ಕು ರಹಸ್ಯ ಮುಗಿಸುತ್ತಾರೆ. ಐದನೆಯದನ್ನು ಇಟ್ಟಿರುತ್ತಾರೆ. ನಾನು ಬಂದು, ಕೈಕಾಲು ತೊಳೆದು ಕೂತ ಮೇಲೆ ಚಿಕ್ಕವಳು ಮೊಳೆಯಿಂದ ಜಪಸರ ತೆಗೆದು ನನ್ನ ಕೈಗೆ ಕೊಡುತ್ತಾಳೆ.